ಬಸುರಿಯ ಮುಂದೆ ಆಡಬಾರದ ಮಾತು

ಕೋಕಿಲಾ ಮಾತನ್ನು ಅಳೆದು ತೂಗಿ ಆಡುವವಳು. ಮದುವೆಯಾದ ಹೊಸತರಲ್ಲಿ ಗಂಡ ಋಷಭ್ ತಾನೇ ಮಾಡಿದ ಸಾರು ಬಡಿಸಿ ಹೇಗಿದೆ ಎಂದು ಕೇಳಿದಾಗ, "ಉಪ್ಪು ಸ್ವಲ್ಪ ಹೆಚ್ಚಾಗಿರುವ ಸಾಧ್ಯತೆ ಇದೆ" ಎಂದಿದ್ದಳು. ಹೈದರಾಬಾದಿನ ಮಾದಾಪುರದ ಅವನ ಆಫೀಸಿನಲ್ಲಿ ಆ ಮಾತು ವರ್ಷಗಟ್ಟಲೆ ಓಡಾಡಿತು. ಪ್ರಾಜೆಕ್ಟು ಮುಳುಗುತ್ತಿದ್ದಾಗಲೂ ಅವರು "ಉಪ್ಪು ಸ್ವಲ್ಪ ಹೆಚ್ಚಾಗಿರುವ ಸಾಧ್ಯತೆ ಇದೆ" ಎಂದು ಒಬ್ಬರಿಗೊಬ್ಬರು ಮೆಸೇಜು ಕಳಿಸಿಕೊಂಡು ನಗುತ್ತಿದ್ದರು. ಕೋಕಿಲಾಳಿಗೆ ನಗು ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆಯೋ, ತನ್ನ ನಾಲಗೆಯೇ ಕೆಟ್ಟಿದೆಯೋ, ಒಂದು ತುತ್ತಿನಲ್ಲಿ ಹೇಗೆ ಹೇಳುವುದು?

ಅವಳು ಹಿಡಿದ ಓದೂ ಅಂಥದೇ. ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್, ಅದರಲ್ಲೂ ರೋಗ ಎಲ್ಲಿಂದ ಹುಟ್ಟಿ ಯಾರಿಂದ ಯಾರಿಗೆ ಹೋಗುತ್ತದೆ ಎಂದು ಬೆನ್ನುಹತ್ತುವ ಶಾಖೆ. ಪ್ರಬಂಧ ಬರೆದು ಬೈಂಡ್ ಮಾಡಿಸಿ ಕಪಾಟಿಗೆ ಸೇರಿಸಿದರೆ ಮುಗಿಯುವ ಡಾಕ್ಟರೇಟ್ ಅಲ್ಲ ಅದು. ಒಂದು ರೋಗವನ್ನು ಹುಡುಕಬೇಕು, ಮೂಲ ಕಾಣಿಸಬೇಕು, ಅದನ್ನು ತಡೆಯಲು ಏನಾದರೂ ಮಾಡಿ ತೋರಿಸಬೇಕು. ಮೈಸೂರಿನಲ್ಲಿದ್ದ ಕೆಲಸ ಬಿಟ್ಟು ಹೈದರಾಬಾದಿಗೆ ಬಂದವಳು ಮೂರು ವರ್ಷ ಅದಕ್ಕೇ ಸುರಿದಿದ್ದಳು. ಆ ದಿನ ಮಧ್ಯಾಹ್ನ ಸಂಸ್ಥೆಯ ಸಮಿತಿಯ ಮುಂದೆ ನಿಂತು ತನ್ನ ಕೆಲಸ ತೋರಿಸಬೇಕಿತ್ತು. ಹತ್ತಿಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಗ ಫೋನು ಬಂತು.

"ಮೇಡಂರಿ, ನಾ ಅಂಬಣ್ಣ ಮಾತಾಡಾಕತ್ತೀನ್ರಿ, ಮಣಿಕೊಂಡದಿಂದ. ರೇಣುಕಾನ ಕಣ್ಣು ಹಳದಿ ಆಗ್ಯಾವ್ರಿ."

ಕೋಕಿಲಾ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಯಾವಾಗಿಂದ?"

"ಕಣ್ಣು ಮೊನ್ನಿಂದ್ರಿ. ಮುಂಜಾನಿಂದ ಮಾತು ಅತ್ತಿತ್ತ ಆಗಾಕತ್ತೈತಿ. ನನ್ನ ನೋಡಿ ಅಪ್ಪಾ ಅಂತಾಳ್ರಿ." ಅವನ ದನಿ ಒಡೆಯಿತು. "ಊರಿಗೆ ಒಯ್ತೀವ್ರಿ. ಲಿಂಗಣ್ಣ ಮೇಸ್ತ್ರಿ ಜೀಪ್ ತರಾಕ ಹೋಗ್ಯಾನ, ಬಸ್ ಸ್ಟ್ಯಾಂಡಿಗೆ ಬಿಡ್ತಾನ. ನಿಮಗೊಂದು ಮಾತು ಹೇಳಿ ಹೋಗೂಣು ಅಂತ."

"ಅಂಬಣ್ಣ, ಊರಿಗೆ ಬೇಡ. ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾನೀಗಲೇ ಬರ್ತೀನಿ, ನಾನು ಬರೋ ತನಕ ಹೊರಡಬೇಡಿ."

"ಅವ್ವ ಗಂಟು ಕಟ್ಯಾಳ್ರಿ," ಎಂದ ಅವನು, ಅದೇ ಕೊನೆಯ ಮಾತು ಎಂಬಂತೆ. ಫೋನು ಕಟ್ಟಾಯಿತು.

ಆಟೋ ಮಾದಾಪುರದ ಗಾಜಿನ ಕಟ್ಟಡಗಳ ನಡುವೆ ಕ್ಯಾಬುಗಳ ಹಿಂದೆ ತೆವಳುತ್ತಿತ್ತು. ಕೋಕಿಲಾ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬೇರೆಯವರಿಗೆ ಈ ಕಾಮಾಲೆ ಹೆಚ್ಚಿನಂಶ ಬಂದು ಹೋಗುವ ಕಾಯಿಲೆ. ಮೈ ಸೋತು, ಊಟ ಸೇರದೆ, ಕೆಲವು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ದಿನ ತುಂಬುತ್ತಿರುವ ಬಸುರಿಗೆ ಬಂದರೆ ಮಾತ್ರ ಹಾಗಲ್ಲ. ಕರುಳಿಗೆ ಹೊಕ್ಕದ್ದು ಪಿತ್ತಜನಕಾಂಗವನ್ನು ತಿಂದು ಮಿದುಳಿಗೆ ಏರುತ್ತದೆ. ಮಾತು ಅತ್ತಿತ್ತ ಆಯಿತೆಂದರೆ ಅದು ಏರಿದೆ ಎಂದೇ ಅರ್ಥ. ರೇಣುಕಾಳಿಗೆ ಏಳು ತುಂಬಿತ್ತು. ಹೋದ ವಾರವಷ್ಟೇ ಸೀಮಂತದ ಕುಬಸ ಮಾಡಿದ್ದರು. ಹಸಿರು ಸೀರೆ ಉಟ್ಟು ಸಿಮೆಂಟಿನ ಇಟ್ಟಿಗೆಗಳ ಮೇಲೆ ಮಣೆ ಹಾಕಿ ಕೂತವಳ ಪಕ್ಕದಲ್ಲಿ ಕೋಕಿಲಾಳೂ ಕೂತು ಹೋಳಿಗೆ ತಿಂದಿದ್ದಳು.

ಅವರ ಊರು ಸುರಪುರದ ಕಡೆ. ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ಹಗಲು ಕಳೆಯುತ್ತದೆ. ಅಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕುಡಿಸಿ ಮುಂಗೈಗೆ ಬರೆ ಎಳೆಯುವವನೊಬ್ಬ ಇದ್ದ. ಇಲ್ಲಿ ಕಾಯಿಲೆಯಾದ ಗಂಡಸರೆಲ್ಲ ಅವನ ಹತ್ತಿರ ಹೋಗಿ ಬಂದು ವಾಸಿಯಾಗಿದ್ದರು. ಎಲ್ಲಿಗೂ ಹೋಗದಿದ್ದರೂ ವಾಸಿಯಾಗುತ್ತಿದ್ದರು. ಅದನ್ನು ಯಾರಿಗೆ ಹೇಳುವುದು?

ಮಣಿಕೊಂಡದಲ್ಲಿ ಎದ್ದು ನಿಲ್ಲುತ್ತಿದ್ದ ಅಪಾರ್ಟ್‌ಮೆಂಟುಗಳ ಹಿಂದೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಎರಡು ಸಾಲು. ಈಚೆ ಸಾಲಿನಲ್ಲಿ ಸುರಪುರ, ಶಹಾಪುರದ ಕಡೆಯವರು, ಆಚೆ ಸಾಲಿನಲ್ಲಿ ಪಾಲಮೂರಿನ ತೆಲುಗಿನವರು. ಬೇಸಿಗೆಯ ಮೊದಲಲ್ಲಿ ಈಚೆ ಸಾಲಿನ ಹಂಪಯ್ಯನಿಗೆ ಕಾಮಾಲೆ ಬಂತು, ಅವನ ಹಿಂದೆ ಇನ್ನೂ ಕೆಲವರಿಗೆ. ಸುದ್ದಿ ಕೇಳಿ ಓಡಿಬಂದ ಕೋಕಿಲಾಳನ್ನು ಅವರು ಕನ್ನಡದವಳೆಂದು ಚಾಪೆ ಹಾಸಿ ಕೂರಿಸಿದರು. ಅವಳ ಮೈಸೂರು ಮಾತನ್ನು ಅಣಕಿಸಿ ನಕ್ಕರು. ನೀರು ಕಾಯಿಸಿ ಆರಿಸಿ ಕುಡಿಯಿರಿ ಎಂದು ಅವಳು ಮೊದಲ ದಿನವೇ ಹೇಳಿದಳು. ಸಾಲಿನ ಹೆಂಗಸರು ಸೆಂಟ್ರಿಂಗಿನ ಒಡೆದ ಹಲಗೆ ಆಯ್ದು ತಂದು, ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ, ಬೈದುಕೊಳ್ಳುತ್ತ ಕಾಯಿಸಿದರು.

ಆಮೇಲೆ ಅವಳ ಲೆಕ್ಕ ಶುರುವಾಯಿತು. ಈ ವಿದ್ಯೆಯ ರೀತಿ ಇಷ್ಟೇ: ಕಾಯಿಲೆ ಬಿದ್ದವನನ್ನೂ ಬೀಳದವನನ್ನೂ ಜೋಡಿ ಮಾಡಿ, ನೀನೇನು ತಿಂದೆ, ನೀನೇನು ಕುಡಿದೆ ಎಂದು ಇಬ್ಬರನ್ನೂ ಕೇಳುವುದು. ಬಿದ್ದವರೇ ಹೆಚ್ಚಾಗಿ ಮುಟ್ಟಿದ್ದು ಯಾವುದೋ ಅದು ಕಳ್ಳ. ಜೋಡಿಯ ಇಬ್ಬರೂ ಆದಷ್ಟು ಒಂದೇ ತರಹದವರಿರಲಿ ಎಂದಿದ್ದರು ಗುರುಗಳಾದ ಚಂದ್ರಕಾಂತ ಸರ್. ಕೋಕಿಲಾಳ ತೆಲುಗು ತರಕಾರಿ ಕೊಳ್ಳುವಷ್ಟು ಮಾತ್ರ. ಹಾಗಾಗಿ ಕಾಯಿಲೆಯಿಲ್ಲದವರನ್ನೂ ಅವಳು ಈಚೆ ಸಾಲಿನಲ್ಲೇ ಹುಡುಕಿದಳು. ಹಂಪಯ್ಯನಿಗೆ ಪಕ್ಕದ ಶೆಡ್ಡಿನ ಅಂಬಣ್ಣ ಜೋಡಿಯಾದ. ಒಂದೇ ಊರು, ಒಂದೇ ವಯಸ್ಸು, ಒಂದೇ ಕಂಬಿ ಕಟ್ಟುವ ಕೆಲಸ. ಎಷ್ಟು ಚೆನ್ನಾಗಿ ಹೊಂದಿದೆ ಎಂದು ಅವಳಿಗೇ ಮೆಚ್ಚುಗೆಯಾಗಿತ್ತು. ಲೆಕ್ಕ ಬಂದಾಗ ನೀರಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಲೆಕ್ಕ ಗೇಟಿನಾಚೆ ಮಿರ್ಚಿ ಭಜಿ ಮಾರುವವನ ಚಟ್ನಿಯ ಕಡೆಗೆ ಬೆರಳು ತೋರುತ್ತಿತ್ತು. ಭಜಿಯವನ ಬಂಡಿಯನ್ನು ಎಬ್ಬಿಸಿದರು. ಹೆಂಗಸರು ಸುತ್ತ ನಿಂತು ಕೇಳಿದರು: "ಮೇಡಂರಿ, ಹಂಗಾರ ಇನ್ನ ನೀರು ಕಾಸೂದು ಬ್ಯಾಡಲ್ಲ?" ಕೋಕಿಲಾ, ಮಾತನ್ನು ಅಳೆದು ತೂಗಿ ಆಡುವವಳು, "ನೀರಿನಿಂದ ಅಂತ ಕಂಡುಬಂದಿಲ್ಲ" ಎಂದಳು. ಒಲೆಗಳು ಅಂದೇ ಆರಿದವು. ಅದಾಗಿ ಎರಡು ತಿಂಗಳು.

ಆಟೋ ಇಳಿದು ಜಲ್ಲಿಯ ರಾಶಿ ಹತ್ತಿ ಇಳಿದು ಅವಳು ಶೆಡ್ಡು ಮುಟ್ಟಿದಾಗ ಜೀಪು ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿ ಎರಡು ಗಂಟು, ಒಂದು ಪ್ಲಾಸ್ಟಿಕ್ ಕೊಡ. ಒಳಗೆ ತಗಡಿನ ಕಾವಿನಲ್ಲಿ ರೇಣುಕಾ ಮಗ್ಗುಲಾಗಿ ಮಲಗಿದ್ದಳು. ಕೈ ತುಂಬ ಹಸಿರು ಬಳೆ. ಕೋಕಿಲಾ ಅವಳ ಕೈ ಹಿಡಿದು ಮುಂಗೈಯನ್ನು ಮೇಲಕ್ಕೆ ಮಡಿಸಿ ನಿಲ್ಲಿಸಿ ನೋಡಿದಳು. ಅಂಗೈ ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದುಕೊಂಡಿತು. ಮಿದುಳಿಗೆ ಏರಿದ ಗುರುತು. ಓದಿದ್ದಳು, ಕಣ್ಣಾರೆ ನೋಡಿರಲಿಲ್ಲ.

"ಬಂದೇನು ತಂಗಿ?" ಎಂದಳು ಸುಗಲಮ್ಮ, ಸೊಸೆಯ ಹಣೆ ಒರೆಸುತ್ತ. ಅವಳು ಬರೀ ಅತ್ತೆಯಲ್ಲ, ಸೋದರತ್ತೆ. ಎತ್ತಿ ಆಡಿಸಿದ ಅಣ್ಣನ ಮಗಳನ್ನೇ ತಂದುಕೊಂಡಿದ್ದಳು. "ನಿನ್ನ ಕೂಡ ಮಾತಾಡಾಕ ಪುರಸತ್ತಿಲ್ಲ ಈಗ. ಕಾಮಣಿ ಬ್ಯಾನಿ ದವಾಖಾನಿದಲ್ಲ, ಔಷಧಿ ನಮ್ಮೂರಾಗ ಐತಿ."

"ಅಮ್ಮಾ, ಇದು ಹಂಪಯ್ಯನಿಗೆ ಬಂದ ಹಾಗಲ್ಲ. ಬಸುರಿಗೆ ಬೇರೆ..."

"ನೀರು, ಅತ್ತಿ," ಎಂದು ರೇಣುಕಾ ನರಳಿದಳು.

ಪಕ್ಕದ ಶೆಡ್ಡಿನಿಂದ ಹಂಪಯ್ಯನ ಹೆಂಡತಿ ನೀಲಾ ಚೆಂಬು ಹಿಡಿದು ಬಂದಳು. ಅವಳೂ ಬಸುರಿ, ಐದರಲ್ಲಿದ್ದಳು. "ನಿಮ್ಮ ಡ್ರಮ್ಮಿನ್ಯಾಗ ತಳಕ್ಕ ಹತ್ತೈತಿ, ಅತ್ತಿ, ನಮ್ಮದರಾಗಿಂದ ತಂದೀನಿ," ಎಂದು ಬಗ್ಗಿ ರೇಣುಕಾಳ ಬಾಯಿಗೆ ಹಿಡಿದಳು. ಮಿಕ್ಕದ್ದನ್ನು ತಾನು ಎತ್ತಿ ಕುಡಿದಳು.

ಕೋಕಿಲಾಳ ಕೈ ತಾನಾಗಿಯೇ ಮುಂದೆ ಹೋಗಿ ನಿಂತಿತು. ಅವಳ ಲೆಕ್ಕದಲ್ಲಿ ಅದು ಕಾಯಿಲೆಯ ಮನೆಯ ಚೆಂಬು, ಇದು ಕಾಯಿಲೆಯಿಲ್ಲದ ಮನೆಯ ಬಾಯಿ. ಆ ಸಾಲಿನಲ್ಲಿ ಡ್ರಮ್ಮಿಗೆ ಯಜಮಾನರಿಲ್ಲ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಸಂಜೆ ಕೆಲಸ ಬಿಟ್ಟು ಮೊದಲು ಬಂದವರು ಸೈಟಿನ ಸಂಪಿನಿಂದ ಪೈಪು ಎಳೆದು ಎಲ್ಲರ ಡ್ರಮ್ಮನ್ನೂ ತುಂಬುತ್ತಿದ್ದರು. ನೀರಿಗೆ ಇಲ್ಲ ಅನ್ನಬಾರದು ಎಂದು ಅವಳ ಎದುರೇ ಎಷ್ಟೋ ಸಲ ಹೇಳಿದ್ದರು. ಒಂದೇ ಸಂಪಿನ ನೀರು ಕುಡಿಯುವ ಇಬ್ಬರನ್ನು ಎದುರುಬದುರು ಕೂರಿಸಿ ನೀರಿನ ತಪ್ಪೇನು ಎಂದು ಕೇಳಿದರೆ ನೀರು ಯಾವ ಕಾಲಕ್ಕೆ ಸಿಕ್ಕಿಬೀಳುತ್ತದೆ? ಆಚೆ ಸಾಲಿನವರು ಬೋರಿನ ನೀರು ಕುಡಿಯುತ್ತಿದ್ದರು. ಅಲ್ಲಿ ಒಬ್ಬರ ಕಣ್ಣೂ ಹಳದಿಯಾಗಿರಲಿಲ್ಲ. ಅವರನ್ನು ಅವಳು ಕೇಳಿಯೇ ಇರಲಿಲ್ಲ, ಭಾಷೆ ಬರುವುದಿಲ್ಲವೆಂದು.

ಅವಳು ಹೊರಗೆ ಬಂದು ಚಂದ್ರಕಾಂತ ಸರ್‌ಗೆ ಫೋನು ಮಾಡಿದಳು. ಮೂಲತಃ ಬೀದರಿನವರು, ಒಳ್ಳೆಯವರೇ.

"ಸರ್, ನನ್ನ ಹೋಲಿಕೆ ತಪ್ಪು. ಜೋಡಿ ಎಲ್ಲ ಒಂದೇ ಸಂಪಿನವು. ನೀರೇ ಸರ್. ನಾನು ನೀರಲ್ಲ ಅಂದೆ, ಇವರು ಕಾಯಿಸೋದು ಬಿಟ್ಟರು. ಇಲ್ಲೊಬ್ಬಳು ಬಸುರಿ..."

"ನೋಡು ಕೋಕಿಲಾ, ಗಾಬರಿ ಆಗಬ್ಯಾಡ. ಆಕಿನ ದವಾಖಾನಿಗೆ ಕಳಸು. ನೀ ಇಲ್ಲಿಗೆ ಬಾ. ಇವತ್ತು ಇದ್ದದ್ದು ಇದ್ದಂಗ ಓದಿಬಿಡು, ಆಮ್ಯಾಲ ಕೂತು ತಿದ್ದೂಣು. ಇವತ್ತು ತಪ್ಪಿದ್ರ ಸಮಿತಿ ಮತ್ತ ಯಾವಾಗ ಕೂಡ್ತದೋ. ಮೂರು ವರ್ಷ ನೀರಾಗ ಹೋಗ್ತಾವ."

"ನೀರಾಗೇ ಹೋಗಿವೆ ಸರ್," ಎಂದು ಅವಳು ಫೋನು ಇಟ್ಟಳು.

ಒಳಗೆ ಹೋಗಿ ಸುಗಲಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು. ಸಾಲಿನ ಹೆಂಗಸರು ಬಾಗಿಲಲ್ಲಿ ಮುತ್ತಿದ್ದರು. "ಅಮ್ಮಾ, ತಪ್ಪು ನಂದು. ಕಾಯಿಲೆ ನೀರಿಂದಾನೇ ಬಂದಿರೋದು. ಕಾಯಿಸೋದು ಬಿಡಿ ಅನ್ನೋ ಹಾಗೆ ನಾನು ಹೇಳಿದ್ದು ತಪ್ಪು. ಈಗ ಇವಳು ಆಸ್ಪತ್ರೆಗೆ ಹೋಗಲೇಬೇಕು. ನನ್ನ ಮಾತು ಕೇಳಿ."

ಸುಗಲಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಕಾಸರಿ ಅಂದಿ, ಕಾಸಿದಿವಿ. ಬ್ಯಾಡ ಅಂದಿ, ಬಿಟ್ಟಿವಿ. ಭಜಿಯವನ್ನ ಓಡಿಸಂದಿ, ಪಾಪ ಆ ಮುದುಕನ್ನ ಓಡಿಸಿದಿವಿ. ಇವತ್ತ ಬಂದು ಅದೆಲ್ಲಾ ಸುಳ್ಳಾತು ಅಂತಿ. ನಾಳಿಗಿ ಬಂದು ದವಾಖಾನಿ ಅಂದದ್ದೂ ತಪ್ಪಾತು ಅಂದ್ರ, ಆಗ ನಾ ಏನು ಮಾಡ್ಲಿ? ನನ್ನ ಅಣ್ಣಗ ಏನು ಹೇಳ್ಲಿ?"

ಬಾಗಿಲಲ್ಲಿ ಯಾರೋ, "ಖರೇ ಮಾತು," ಎಂದರು.

ಕೋಕಿಲಾ ಅಂಬಣ್ಣನ ಕಡೆ ನೋಡಿದಳು. ಅವನು ತಗಡಿಗೆ ಒರಗಿ ನೆಲ ನೋಡುತ್ತಿದ್ದ. "ಅವ್ವ ಹೇಳಿದಂಗ್ರಿ," ಎಂದ ಮೆಲ್ಲಗೆ.

ಹೊರಗೆ ಜೀಪಿನ ಸದ್ದಾಯಿತು. ಲಿಂಗಣ್ಣ ಮೇಸ್ತ್ರಿ ಹಾರನ್ ಒತ್ತಿದ. "ಜಲ್ದಿ ಬರ್ರಿ, ಸೈಟಿನ ಗಾಡಿ ಐತಿ, ಸಾಹೇಬ್ರು ನೋಡಿದ್ರ ನನ್ನ ಚರ್ಮ ಸುಲೀತಾರ!" ಗಂಟುಗಳು ಹೋದವು, ಕೊಡ ಹೋಯಿತು. ಅಂಬಣ್ಣ ಬಗ್ಗಿ ಹೆಂಡತಿಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ಬಾಗಿಲ ಹೊರಗೆ ಬಂದಾಗ ಬಿಸಿಲು ಮುಖಕ್ಕೆ ಬಡಿದು ರೇಣುಕಾ ಕಣ್ಣು ಬಿಟ್ಟಳು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳ ನೋಟ ಒಂದು ಕಡೆ ನಿಂತಿತು.

"ಅಕ್ಕೋರ," ಎಂದಳು. "ಊರಿಗೆ ಹೋದ್ರ ನಾ ಆರಾಮ ಆಗ್ತೀನೇನ್ರಿ?"

ಕೋಕಿಲಾಳಿಗೆ ಗೊತ್ತಿದ್ದದ್ದು ಗುಂಪಿನ ಲೆಕ್ಕ. ಇಂಥ ಬಸುರಿಯರಲ್ಲಿ ಬಹಳ ಮಂದಿ ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ, ಕೈ ಹೀಗೆ ಬಡಿಯತೊಡಗಿದ ಮೇಲೆ ಉಳಿಯುವವರು ಕಡಿಮೆ. ಆ ಗುಂಪಿನಲ್ಲಿ ಈ ರೇಣುಕಾ ಎಲ್ಲಿ ನಿಂತಿದ್ದಾಳೆ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಆಸ್ಪತ್ರೆಗೆ ಹೋದರೂ ಸಾಯಬಹುದು. ಊರಿಗೆ ಹೋದರೂ ಬದುಕಬಹುದು. ಹೇಳಲು ಬರುವುದಿಲ್ಲ, ಅಪಾಯ ಹೆಚ್ಚಿರುವ ಸಾಧ್ಯತೆ ಇದೆ: ಇಷ್ಟೇ ನಿಜ. ಅದನ್ನು ಆಡಿದರೆ ಜೀಪು ಬಸ್ ಸ್ಟ್ಯಾಂಡಿನ ದಾರಿ ಹಿಡಿಯುವುದೂ ಅಷ್ಟೇ ನಿಜ.

"ಇಲ್ಲ," ಎಂದಳು ಕೋಕಿಲಾ. "ಬಸ್ಸಲ್ಲೇ ಸತ್ತುಹೋಗ್ತೀಯ, ರೇಣುಕಾ. ನೀನೂ ಸಾಯ್ತೀಯ, ಹೊಟ್ಟೆಯಲ್ಲಿರೋದೂ ಸಾಯತ್ತೆ."

ಸುಗಲಮ್ಮ ಎರಡೂ ಕೈಯಿಂದ ಸೊಸೆಯ ಕಿವಿ ಮುಚ್ಚಿದಳು, ಮಾತು ಒಳಗೆ ಹೋದ ಮೇಲೆ. ನೀಲಾ ಹೊಟ್ಟೆಗೆ ಸೆರಗು ಮುಚ್ಚಿಕೊಂಡು ತನ್ನ ಶೆಡ್ಡಿಗೆ ಓಡಿ ಬಾಗಿಲು ಎಳೆದುಕೊಂಡಳು. ಲಿಂಗಣ್ಣ ಹಾರನ್ ಮೇಲಿನ ಕೈ ತೆಗೆದ. ಬಸುರಿಯ ಮುಂದೆ ಸತ್ತ ನಾಯಿಯ ಹೆಸರನ್ನೂ ಎತ್ತದ ಜನ. ಕುಬಸದ ದಿನ ದೀಪ ಆರಿತು ಅನ್ನದೆ ದೀಪ ದೊಡ್ಡದಾಯಿತು ಎಂದಿದ್ದ ಜನ.

"ಬಾಯಾಗ ಹುಳ ಬೀಳಲಿ ನಿನ್ನ!" ಎಂದು ಸುಗಲಮ್ಮ ಚೀರಿದಳು. "ಹಸರ ಬಳಿ ಇಟ್ಟಾಕಿ ಮುಂದ ಎಂಥಾ ಮಾತು ಆಡಿದಿ! ಓದಿದಾಕಿ ಏನು ನೀ? ಹೆಣ್ಣಾಗಿ ಹುಟ್ಟಿಯೇನು? ಏ ಅಂಬಣ್ಣ, ಎತ್ತು ಆಕಿನ್ನ, ಹತ್ತು ಗಾಡಿ!"

ರೇಣುಕಾ ಗಾಡಿ ಹತ್ತಲಿಲ್ಲ. ಗಂಡನ ಕೈಯಿಂದ ಜಾರಿ ಜಲ್ಲಿಯ ಮೇಲೆ ಕುಸಿದು ಕೂತಳು. ಜೀಪಿನ ಮೆಟ್ಟಿಲನ್ನು ಒಂದು ಕೈಯಲ್ಲಿ ದೂಡುತ್ತ, "ನಾ ಬಸ್ಸಿಗೆ ಒಲ್ಲೆ, ನಾ ಬಸ್ಸಿಗೆ ಒಲ್ಲೆ," ಎಂದು ಕೂಸಿನ ಹಾಗೆ ಅಳತೊಡಗಿದಳು. ಅಂಬಣ್ಣ ಎಬ್ಬಿಸಹೋದರೆ ಅವನ ಕೈ ಕಚ್ಚಿದಳು. ಅವನು ಕಚ್ಚಿಸಿಕೊಂಡ ಕೈಯನ್ನೂ ನೋಡದೆ ತಾಯಿಯ ಕಡೆ ತಿರುಗಿ, ಜನ್ಮದಲ್ಲಿ ಮೊದಲ ಸಲವೋ ಏನೋ, "ಯವ್ವಾ, ಸುಮ್ಕಿರು," ಎಂದ. ಹೆಂಡತಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡ. "ಲಿಂಗಣ್ಣ, ದವಾಖಾನಿಗೆ ಹೊಡಿ."

ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಕೋಕಿಲಾ ಮಾಡಿದ್ದು ಓಡುವುದು, ಬೇಡುವುದು. ಇಂಥ ಡಾಕ್ಟರೇಟಿನವರ ಕೈಗೆ ಸೂಜಿ ಬರುವುದಿಲ್ಲ. ರಕ್ತದ ಬಾಟಲಿ ತರುವುದು, ನರ್ಸಿನ ತೆಲುಗು ಅರ್ಥವಾಗದೆ ಮತ್ತೆ ಕೇಳಿ ಬೈಸಿಕೊಳ್ಳುವುದು ಬರುತ್ತದೆ. ಮಧ್ಯಾಹ್ನ ಸಮಿತಿ ಕೂತಿತು, ಎದ್ದಿತು. ಚಂದ್ರಕಾಂತ ಸರ್ ಎರಡು ಸಲ ಫೋನು ಮಾಡಿದರು, ಆಮೇಲೆ ಮಾಡಲಿಲ್ಲ. ಸಂಜೆ ಋಷಭ್ ಬಂದು ಅಂಬಣ್ಣನ ಪಕ್ಕ ನೆಲದ ಮೇಲೆ ಕೂತ. ರೇಣುಕಾಳಿಗೆ ಎಚ್ಚರ ತಪ್ಪಿತು. ಮರುದಿನ ಹೆರಿಗೆಯಾಯಿತು. ಗಂಡು. ಉಸಿರಿರಲಿಲ್ಲ.

ಅದರ ಮರುದಿನವೂ ಅವಳಿಗೆ ಎಚ್ಚರ ಬರಲಿಲ್ಲ. ವಾರ್ಡಿನ ಹೊರಗೆ ಕಿಟಕಿಯ ಕೆಳಗೆ ಸುಗಲಮ್ಮ ಒಂದು ಕಡೆ, ಕೋಕಿಲಾ ಇನ್ನೊಂದು ಕಡೆ ಕೂತಿದ್ದರು. ಮುದುಕಿ ಇತ್ತ ನೋಡಲೂ ಇಲ್ಲ. ಕೂಸನ್ನು ಮಣ್ಣು ಮಾಡಿ ಬಂದ ಅಂಬಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಬದುಕಲಿ, ಬರೀ ಉಸಿರಾಡಿಕೊಂಡಿದ್ದರೂ ಸಾಕು ಎಂದು ಕೋಕಿಲಾ ಬೇಡುತ್ತಿದ್ದಳು, ಯಾರನ್ನೆಂದು ಅವಳಿಗೂ ತಿಳಿಯದು. ಇವಳೂ ಹೋದರೆ ತಾನು ಈ ಮೆಟ್ಟಿಲು ಇಳಿದು ಯಾವ ಕಡೆ ಹೋಗುವುದು ಎಂದು ಯೋಚಿಸಲು ಹೋಗಿ, ಯೋಚನೆ ಅಲ್ಲಿಗೇ ನಿಲ್ಲುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಒಳಗಿನಿಂದ ಬಂದ ಡಾಕ್ಟರು, "ಕಣ್ಣು ಬಿಟ್ಟಿದ್ದಾಳೆ, ಅತ್ತೆಯನ್ನು ಕೇಳುತ್ತಿದ್ದಾಳೆ," ಎಂದರು. ಸುಗಲಮ್ಮ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು. ಈ ಸಲ ಕೋಕಿಲಾಳ ಹತ್ತಿರವೇ ಕೂತಳು.

"ಗುರ್ತು ಹಿಡದಳು," ಎಂದಳು. "ಕೂಸು ಎಲ್ಲಿ ಅಂದಳು."

ಸುಗಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಸುರಿ ಮುಂದ ಸಾವಿನ ಹೆಸರು ತಗೊಂಡಿ ನೀ. ಹೆಸರು ಹಿಡಿದು ಕರದ ಮ್ಯಾಲ ಅದು ಬರಿಗೈಲೆ ಹೋಗ್ತೈತೇನು? ಒಯ್ತು."

ಅಲ್ಲ ಎನ್ನಲು ಕೋಕಿಲಾಳ ಹತ್ತಿರ ಏನೂ ಇರಲಿಲ್ಲ. ಬಸ್ಸು ಹತ್ತಿ ಹೋದ ರೇಣುಕಾ ಎಂಬುವಳು ಎಲ್ಲಿಯೂ ಇಲ್ಲ. ಅವಳನ್ನು ತಂದು ಈ ರೇಣುಕಾಳ ಪಕ್ಕ ಮಲಗಿಸಿ, ನೋಡಿ, ಹೋಲಿಸಿ ಎನ್ನುವಂತಿಲ್ಲ.

"ನಿನ್ನಿ ಲಿಂಗಣ್ಣ ಬಂದಿದ್ದ," ಎಂದಳು ಸುಗಲಮ್ಮ, ಗೋಡೆಯನ್ನು ನೋಡುತ್ತ. "ಸಾಲಿನಾಗ ಯಾರೂ ನೀರು ಕಾಸವಲ್ಲರಂತ. ನೀಲಾಗ ಹೇಳಿ ಕಳಿಸಿದೆ, ಕಾಸಿ ಕುಡಿಯವ್ವಾ ಅಂತ. ಬೇಸಗಿ ದಿನದಾಗ ಬಿಸಿ ನೀರು ಯಾರು ಕುಡೀತಾರ, ಮೇಡಂ ಒಮ್ಮೆ ಕಾಸು ಅಂತಾಳ, ಒಮ್ಮೆ ಬ್ಯಾಡಂತಾಳ ಅಂದಳಂತ. ನನ್ನ ಮಾತು ಕೇಳಾಕಿ ಅಲ್ಲ ಆಕಿ."

"ನಾನು ಹೋಗಿ ಹೇಳ್ತೀನಮ್ಮ, ನಿಧಾನವಾಗಿ..."

"ನಿಧಾನ ಬ್ಯಾಡ," ಎಂದು ಸುಗಲಮ್ಮ ಅವಳ ಕಡೆ ತಿರುಗಿದಳು. ಅತ್ತು ಅತ್ತು ಅವಳ ಕಣ್ಣು ಬತ್ತಿಹೋಗಿದ್ದವು. "ನಿಧಾನಕ್ಕ ಹೇಳಿದ್ರ ಕೇಳವಲ್ಲಳು. ನನ್ನ ಸೊಸಿ ಮುಂದ ಅಂದೆಲ್ಲ, ಆ ಹೊಲಸು ಮಾತು, ಅದನ್ನ ಆಕಿ ಮುಂದೂ ಅನ್ನು. ಹೋಗು. ನನ್ನ ಬಾಯಿಲೆ ಅದು ಬರಾಂಗಿಲ್ಲ. ನಿನಗ ಪಾಪ ಹೆಂಗೂ ಹತ್ತೈತಿ, ಇನ್ನೊಂದು ಹತ್ತಲಿ."

ಕೋಕಿಲಾ ಎದ್ದು, ವಾರ್ಡಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿಯಲ್ಲಿ ತನ್ನವನ್ನು ಹುಡುಕತೊಡಗಿದಳು.